ಡಿಕ್ಕಿ ತುಂಬ ಬಾಕ್ಸ್ ಬೇಡ: ಹದಿನೈದು ಸಾವಿರದೊಳಗೆ ಕಾರಿಗೆ ಸಬ್‌ವೂಫರ್

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಕಾಣಿಸುವ ಮೊದಲೇ ಅದರ ಹಾಡು ಕೇಳಿಸುತ್ತದೆ. ಆ ಸೌಂಡಿಗೆ ಪಳಗಿದ ಕಿವಿ ಹೊತ್ತುಕೊಂಡೇ ನಾವು ಕಾರಿನ ಆಕ್ಸೆಸರೀಸ್ ಅಂಗಡಿಗೆ ಹೋಗುತ್ತೇವೆ. "ಅಣ್ಣಾ, ಗ್ಲಾಸ್ ನಡುಗಬೇಕ್ ನೋಡ" ಎನ್ನುತ್ತೇವೆ. ಅಂಗಡಿಯವನು ಮೈತುಂಬ 1300 ವ್ಯಾಟ್ ಎಂದು ಬರೆಸಿಕೊಂಡ ಬೇಸ್‌ಟ್ಯೂಬ್ (ಕೊಳವೆಯಾಕಾರದ ಸಬ್‌ವೂಫರ್, ಅಂದರೆ ತಗ್ಗಿನ ಸ್ವರಕ್ಕೆಂದೇ ಇರುವ ಸ್ಪೀಕರ್) ಇಳಿಸಿ, "ಇದ್ರ ಮ್ಯಾಲೆ ಯಾವ್ದೂ ಇಲ್ರಿ" ಎನ್ನುತ್ತಾನೆ. ವ್ಯವಹಾರ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಹೆಡ್‌ಲೈಟ್ ಮಿಣುಕುವುದು, ನಂಬರ್ ಪ್ಲೇಟ್ ಜರಜರ ಅನ್ನುವುದು, ಹಾಡಿನ ಮಾತು ಮುಚ್ಚಿಹೋಗಿ ಬರೀ ದಂ ದಂ ಉಳಿಯುವುದು, ಇವೆಲ್ಲ ಆಮೇಲಿನ ಕತೆ.

ಟ್ರ್ಯಾಕ್ಟರಿನ ಸ್ಪೀಕರು ಹಾಡುವುದು ಬಯಲಿಗೆ. ಕಾರಿನದು ಗಾಜು ಏರಿಸಿದ ಸಣ್ಣ ಜಾಗಕ್ಕೆ. ಇಷ್ಟು ಚಿಕ್ಕ, ಮುಚ್ಚಿದ ಜಾಗದಲ್ಲಿ ಸುಮಾರು 60 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ತಾವಾಗಿಯೇ ಏರುತ್ತವೆ. ಆ ಕೆಲಸಕ್ಕೆ ಆಂಪ್ಲಿಫೈಯರ್ (ಆಂಪ್) ಹೆಚ್ಚು ಹೆಣಗಬೇಕಿಲ್ಲ. ಹಾಗಾಗಿ ನಿಜವಾದ 150ರಿಂದ 200 ವ್ಯಾಟ್ ಒಂದು ಹ್ಯಾಚ್‌ಬ್ಯಾಕಿಗೆ ಧಾರಾಳವಾಯಿತು. ಅದರ ಮೇಲೆ ದುಡ್ಡು ಇದ್ದರೆ ಬಾಕ್ಸು, ವೈರು, ಅರ್ಥಿಂಗಿಗೆ ಹಾಕಿ. ಒಂದು ಸಂಜೆಯ ಸಮಯವನ್ನು ಸೆಟ್ಟಿಂಗಿಗೆ ಕೊಡಿ. ಸಾಧಾರಣ ವೂಫರ್ ಚೆನ್ನಾಗಿ ಕೇಳಿಸುವುದೂ ಒಳ್ಳೆಯ ವೂಫರ್ ಕೆಟ್ಟದಾಗಿ ಕೇಳಿಸುವುದೂ ಇಲ್ಲಿಯೇ ತೀರ್ಮಾನವಾಗುತ್ತದೆ.

ಮೊದಲು ಗಾಡಿ ನೋಡಿ

ಅಂಗಡಿಗೆ ಹೋಗುವ ಮೊದಲು ಅಳತೆ ಟೇಪು ಹಿಡಿದು ಗಾಡಿಯ ಡಿಕ್ಕಿ ತೆಗೆಯಿರಿ. ಅದರಲ್ಲಿ ವರ್ಷವಿಡೀ ಏನು ಹೋಗುತ್ತದೆ? ವಾರದ ಸಂತೆ, ಗೊಬ್ಬರದ ಚೀಲ, ಮದುವೆ ಸಾಮಾನು ಎಲ್ಲ ಅದರಲ್ಲೇ ಹೋಗುವುದಾದರೆ 12 ಇಂಚಿನ ಬಾಕ್ಸು ಒಂದು ತಿಂಗಳಲ್ಲಿ ಮನೆಯ ಅಟ್ಟ ಸೇರುತ್ತದೆ. ಸಿಎನ್‌ಜಿ ಗಾಡಿಯಾದರೆ ಸಿಲಿಂಡರ್ ಆಗಲೇ ಡಿಕ್ಕಿ ಹಿಡಿದುಕೊಂಡಿರುತ್ತದೆ. ಅದರ ವಾಲ್ವಿಗೆ, ಪೈಪಿಗೆ ಒತ್ತಿ ಬಾಕ್ಸು ಇಡುವುದು, ಆ ಪಕ್ಕದಲ್ಲೇ ಆಂಪ್ ಕೂರಿಸುವುದು ಬೇಡವೇ ಬೇಡ. ಅಂಥ ಗಾಡಿಗೆ ಸೀಟಿನ ಕೆಳಗಿನ ಸಬ್‌ವೂಫರೇ ಸರಿ.

ಸೀಟಿನ ಕೆಳಗಿನ ಎತ್ತರವನ್ನು ಅಳೆಯುವಾಗ ಸೀಟನ್ನು ಪೂರ್ತಿ ಮುಂದೆ, ಪೂರ್ತಿ ಹಿಂದೆ ಸರಿಸಿ ಎರಡೂ ಕಡೆ ಅಳೆಯಬೇಕು. ಯಾರಾದರೂ ಸೀಟಿನ ಮೇಲೆ ಕೂತಿರಲಿ, ಏಕೆಂದರೆ ಭಾರಕ್ಕೆ ಸೀಟು ಒಂದೆರಡು ಸೆಂಟಿಮೀಟರ್ ಇಳಿಯುತ್ತದೆ. ಕೆಳಗೆ ಹಳದಿ ಕಪ್ಲರ್ ಇದ್ದರೆ ಅದು ಏರ್‌ಬ್ಯಾಗ್ ಅಥವಾ ಸೀಟ್‌ಬೆಲ್ಟಿನ ವ್ಯವಸ್ಥೆಗೆ ಸೇರಿದ್ದು. ಅದನ್ನು ಮುಟ್ಟಬೇಡಿ, ಬಿಚ್ಚಬೇಡಿ.

ಬ್ಯಾಟರಿ ಎಷ್ಟು ಹಳೆಯದು ಎಂಬುದನ್ನೂ ನೋಡಿ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಮಲ್ಟಿಮೀಟರ್ ಹಚ್ಚಿದರೆ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಎಂಜಿನ್ ಚಾಲೂ ಮಾಡಿದಾಗ 13.8ರಿಂದ 14.4ರ ನಡುವೆ ಬರಬೇಕು. ಬೆಳಿಗ್ಗೆಯೇ 12.2 ತೋರಿಸುವ ಬ್ಯಾಟರಿಗೆ ಆಂಪ್ ಜೋಡಿಸುವುದೆಂದರೆ ಸಬ್‌ವೂಫರಿನ ಬಜೆಟ್ಟಿಗೆ ಹೊಸ ಬ್ಯಾಟರಿಯ ದುಡ್ಡನ್ನೂ ಸೇರಿಸಿಕೊಂಡಂತೆ.

ಇನ್ನೊಂದು ಪ್ರಶ್ನೆ ಕಂಪನಿಯಿಂದ ಬಂದ ಸ್ಟೀರಿಯೋದ್ದು. ಹಿಂದುಗಡೆ ಆರ್‌ಸಿಎ ಔಟ್‌ಪುಟ್, ಅಂದರೆ ಆಂಪಿಗೆ ಸಿಗ್ನಲ್ ಕೊಡುವ ದುಂಡನೆಯ ಸಾಕೆಟ್, ಇದೆಯೋ ಇಲ್ಲವೋ? ಬಹಳಷ್ಟರಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ಸ್ಪೀಕರಿನ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಇರುವ ಆಂಪನ್ನೇ ಕೊಳ್ಳಬೇಕು. ಗಾಡಿ ವಾರಂಟಿಯಲ್ಲಿದ್ದರೆ ವೈರು ಕತ್ತರಿಸಲು ಬಿಡಬೇಡಿ. ನಿಮ್ಮ ಮಾಡೆಲ್ಲಿಗೆ ಹೊಂದುವ ಕಪ್ಲರ್ ಕೇಳಿ ತರಿಸಿಕೊಳ್ಳಿ. ನಾಳೆ ಬಿಚ್ಚಿದರೂ ಗುರುತು ಉಳಿಯುವುದಿಲ್ಲ. "ಕಟ್ ಮಾಡಿ ಟೇಪ್ ಸುತ್ತಿದ್ರ ಏನೂ ಆಗೂದಿಲ್ರಿ" ಎಂದವರು ಶೋರೂಮಿನವರು ವಾರಂಟಿ ನಿರಾಕರಿಸಿದ ದಿನ ನಿಮ್ಮ ಜೊತೆಗಿರುವುದಿಲ್ಲ.

ವ್ಯಾಟಿನ ಲೆಕ್ಕ

ಪ್ಯಾಕಿಂಗ್ ಮೇಲಿನ ದೊಡ್ಡ ಅಂಕಿ ಪೀಕ್ ಅಥವಾ ಮ್ಯಾಕ್ಸ್ ವ್ಯಾಟ್. ಅದನ್ನು ಮರೆತುಬಿಡಿ. ಒಳಗಿನ ಹಾಳೆಯಲ್ಲಿ ಆರ್‌ಎಂಎಸ್ ಎಂದು ಇರುವ ಅಂಕಿಯೇ ವೂಫರ್ ಬಿಡದೆ ತಡೆದುಕೊಳ್ಳುವ ಶಕ್ತಿ. 1300 ಎಂದು ಬರೆದುಕೊಂಡದ್ದರ ಆರ್‌ಎಂಎಸ್ 200, 250 ಇದ್ದರೆ ಆಶ್ಚರ್ಯವೇನಿಲ್ಲ. ಆರ್‌ಎಂಎಸ್ ಅಂಕಿಯನ್ನೇ ಬರೆಯದ ಮಾಲು ಎಷ್ಟು ಅಗ್ಗವಾದರೂ ಬೇಡ.

ಆಂಪಿನಲ್ಲಿ ಇದೇ ಆಟ ಇನ್ನೂ ಜೋರು. ಅಮೆರಿಕದ ಸಿಇಎ-2006 ಎಂಬ ಮಾನದಂಡದ ಪ್ರಕಾರ ಅಳೆದದ್ದಾದರೆ ಆ ಅಂಕಿಯನ್ನು ನಂಬಬಹುದು. ಅದರಲ್ಲಿ 14.4 ವೋಲ್ಟ್ ಕೊಟ್ಟು, 4 ಓಮ್ ಲೋಡ್ ಹಚ್ಚಿ, ವಿಕೃತಿ ಶೇ. 1 ದಾಟದಂತೆ ಅಳೆಯುತ್ತಾರೆ. ಆ ಗುರುತಿಲ್ಲದ ಅಗ್ಗದ ಆಂಪ್ ಕೈಗೆ ಬಂದರೆ ಅದರ ಮೈಮೇಲಿನ ಫ್ಯೂಸ್ ನೋಡಿ. 20 ಆಂಪಿಯರ್ ಫ್ಯೂಸ್ ಹಾಕಿಕೊಂಡು 1000 ವ್ಯಾಟ್ ಕೊಡುತ್ತೇನೆ ಎನ್ನುವುದು ಸುಳ್ಳು: 20 ಆಂಪಿಯರನ್ನು 13.8 ವೋಲ್ಟಿಗೆ ಗುಣಿಸಿದರೆ 276 ವ್ಯಾಟ್, ಕರೆಂಟು ಕಡಿಮೆ ಪೋಲು ಮಾಡುವ ಕ್ಲಾಸ್ ಡಿ ಆಂಪಾದರೂ ಅದರಲ್ಲಿ ಶೇ. 80ರಷ್ಟು ಹೊರಬಂದರೆ 220. ಈ ಗುಣಾಕಾರವನ್ನು ಅಂಗಡಿಯಲ್ಲೇ ಮೊಬೈಲ್ ತೆಗೆದು ಮಾಡಿ. ಮಾತಿನ ಧಾಟಿ ಬದಲಾಗುತ್ತದೆ.

ವ್ಯಾಟು ಎರಡು ಪಟ್ಟಾದರೆ ಸೌಂಡು ಎರಡು ಪಟ್ಟಾಗುವುದಿಲ್ಲ. 3 ಡೆಸಿಬೆಲ್ ಏರುತ್ತದೆ, ಅಷ್ಟೇ. 300 ವ್ಯಾಟಿನಿಂದ 600ಕ್ಕೆ ಹೋಗಲು ಕೊಡುವ ಹಣಕ್ಕೆ ಸಿಗುವ ಲಾಭ ಇಷ್ಟು. ಸೆನ್ಸಿಟಿವಿಟಿ (ಅಷ್ಟೇ ವ್ಯಾಟಿಗೆ ಎಷ್ಟು ಜೋರು ಎಂಬ ಅಳತೆ) 3 ಡೆಸಿಬೆಲ್ ಹೆಚ್ಚಿರುವ ವೂಫರ್ ಹುಡುಕಿದರೆ ಅದೇ ಲಾಭ ಬಿಟ್ಟಿಯಾಗಿ ಬರುತ್ತದೆ.

ಓಮ್, ಅಂದರೆ ವೂಫರಿನ ಕಾಯಿಲು ಕರೆಂಟಿಗೆ ಒಡ್ಡುವ ಪ್ರತಿರೋಧದ ವಿಷಯ ಚಿಕ್ಕದಾದರೂ ಆಂಪ್ ಸುಡುವುದು ಇದರಿಂದಲೇ. ಒಂದೇ ಕಾಯಿಲಿನ 4 ಓಮ್ ವೂಫರ್ ತೆಗೆದುಕೊಂಡರೆ ಗೊಂದಲವೇ ಇಲ್ಲ. ಎರಡು ಕಾಯಿಲಿನ 4 ಓಮ್ ವೂಫರನ್ನು ಪ್ಯಾರಲಲ್ ಜೋಡಿಸಿದರೆ 2 ಓಮ್, ಸೀರೀಸ್ ಜೋಡಿಸಿದರೆ 8 ಓಮ್. ನಾಲ್ಕು ಚಾನೆಲ್ ಆಂಪನ್ನು ಬ್ರಿಜ್ ಮಾಡಿ (ಎರಡು ಚಾನೆಲ್ ಕೂಡಿಸಿ ಒಂದು ಮಾಡಿ) 2 ಓಮ್ ಹಚ್ಚಿದರೆ ಹೆಚ್ಚಿನವು ಪ್ರೊಟೆಕ್ಷನ್ನಿಗೆ ಹೋಗಿ ತಾವೇ ಆಫ್ ಆಗುತ್ತವೆ ಅಥವಾ ಹೊಗೆ ಬಿಡುತ್ತವೆ. ಹಳೆಯ ಮಾಲು ಕೊಳ್ಳುವಾಗ ಮಲ್ಟಿಮೀಟರ್ ಜೇಬಿನಲ್ಲಿರಲಿ. 4 ಓಮ್ ಕಾಯಿಲ್ ಮೀಟರಿನಲ್ಲಿ 3.2ರಿಂದ 3.7ರವರೆಗೆ ತೋರಿಸುತ್ತದೆ. ಕೋನನ್ನು, ಅಂದರೆ ವೂಫರಿನ ಮುಂದಿನ ಅದುರುವ ಭಾಗವನ್ನು, ಎರಡೂ ಕೈಯಿಂದ ಸಮವಾಗಿ ಒತ್ತಿ ಬಿಡಿ. ಒಳಗೆ ಕೆರೆದ ಸದ್ದು ಬಂದರೆ, ಮೂಗಿಗೆ ಸುಟ್ಟ ವಾಸನೆ ಹೊಡೆದರೆ ಅಲ್ಲೇ ಬಿಟ್ಟು ಬನ್ನಿ.

ಮೂರು ದಾರಿ, ಒಂದು ಆಯ್ಕೆ

ಒಂದನೆಯದು ಸೀಟಿನ ಕೆಳಗಿನ ಆಕ್ಟಿವ್ ಸಬ್‌ವೂಫರ್. ಆಂಪ್ ಒಳಗೇ ಇರುತ್ತದೆ, ಜಾಗ ತಿನ್ನುವುದಿಲ್ಲ, ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ. ಬಹಳ ತಗ್ಗಿನ ಸ್ವರಕ್ಕೆ ಇದರ ಶಕ್ತಿ ಸಾಲದು. ಆದರೆ ಹಳೆಯ ಹಾಡು, ಭಜನೆ, ಭಾವಗೀತೆ ಕೇಳುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಮನೆಯಲ್ಲಿ ಅಪ್ಪ, ಅವ್ವ, ಮಕ್ಕಳು ಎಲ್ಲರೂ ಕೂರುವ ಗಾಡಿಗೆ ನಾನು ಇದನ್ನೇ ಹೇಳುವುದು.

ಎರಡನೆಯದು ಬೇಸ್‌ಟ್ಯೂಬ್. ಅಗ್ಗ, ಸಿದ್ಧವಾಗಿ ಸಿಗುತ್ತದೆ, ಪಟ್ಟಿ ಬಿಚ್ಚಿದರೆ ಡಿಕ್ಕಿ ಖಾಲಿ. ಪೋರ್ಟ್ (ಗಾಳಿ ಹಾಯುವ ತೂತು) ಇರುವುದರಿಂದ ಒಂದು ಕಿರಿದಾದ ಪಟ್ಟಿಯ ಸ್ವರ ಜೋರಾಗಿ ಬಂದು ಉಳಿದದ್ದು ಮಂಕಾಗುತ್ತದೆ. ನಮ್ಮ ಕಡೆಯ ಡಿಜೆ ಜಾನಪದಕ್ಕೆ ಅದು ಹೊಂದುತ್ತದೆ ಎನ್ನುವುದನ್ನು ಒಪ್ಪುತ್ತೇನೆ. ಕೊಂಡರೆ ಆರ್‌ಎಂಎಸ್ ನೋಡಿ ಕೊಳ್ಳಿ, ಬೆಲ್ಟ್ ಹಾಕಿ ಬಿಗಿಯಿರಿ.

ಮೂರನೆಯದು 10 ಇಂಚಿನ ವೂಫರ್, ಸೀಲ್ ಮಾಡಿದ ಬಾಕ್ಸ್, 200 ವ್ಯಾಟಿನ ಮೊನೊ (ಒಂದೇ ಚಾನೆಲಿನ) ಆಂಪ್. ಡಿಕ್ಕಿಯಲ್ಲಿ ಜಾಗ ಇರುವ ಹ್ಯಾಚ್‌ಬ್ಯಾಕ್, ಸೆಡಾನ್ ಎರಡಕ್ಕೂ ನನ್ನ ಮತ ಇದಕ್ಕೇ. ಡೊಳ್ಳಿನ ಏಟು ಬಿದ್ದು ಅಲ್ಲೇ ನಿಲ್ಲುತ್ತದೆ, ಮುಂದಿನ ಏಟಿನ ಮೇಲೆ ಉರುಳುವುದಿಲ್ಲ. ಹದಿನೈದು ಸಾವಿರವನ್ನು ನಾನಾದರೆ ಹೀಗೆ ಹಂಚುತ್ತೇನೆ: ವೂಫರಿಗೆ 4,000, ಆಂಪಿಗೆ 5,500, ಬಾಕ್ಸಿಗೆ 2,000, ವೈರಿಂಗ್ ಕಿಟ್ಟಿಗೆ 2,000, ಉಳಿದ 1,500 ಕಪ್ಲರ್, ತಗಡಿನ ಅದುರಾಟ ತಡೆಯುವ ಡ್ಯಾಂಪಿಂಗ್ ಶೀಟ್, ಮಿಸ್ತ್ರಿಯ ಕೂಲಿಗೆ. ಬಜೆಟ್ ಕಡಿಮೆಯಾದರೆ ಆಂಪನ್ನು ಸಣ್ಣದು ಮಾಡಿ, ವೈರನ್ನಲ್ಲ.

ಬಾಕ್ಸನ್ನು ಬಡಿಗನ ಕೈಯಲ್ಲಿ ಮಾಡಿಸುವುದು

ರೆಡಿಮೇಡ್ ಬಾಕ್ಸು ಸಿಗುತ್ತವೆ. ಹೆಚ್ಚಿನವು ತೆಳು ಹಲಗೆಯವು, ಅಳತೆ ಯಾವ ವೂಫರಿಗೆ ಎಂಬುದು ಮಾಡಿದವನಿಗೂ ಗೊತ್ತಿರುವುದಿಲ್ಲ. ಮೊದಲು ವೂಫರ್ ಕೊಂಡು ಅದರ ಹಾಳೆಯಲ್ಲಿ ಎಷ್ಟು ಲೀಟರ್ ಬಾಕ್ಸ್ ಬೇಕೆಂದು ನೋಡಿ. 10 ಇಂಚಿನದಕ್ಕೆ ಸಾಮಾನ್ಯವಾಗಿ 17ರಿಂದ 28 ಲೀಟರ್ ಸೀಲ್ ಬಾಕ್ಸು ಕೇಳುತ್ತಾರೆ. ಹಾಳೆಯಲ್ಲಿ ಘನ ಅಡಿ ಎಂದಿದ್ದರೆ ಒಂದು ಘನ ಅಡಿಗೆ 28.3 ಲೀಟರ್ ಹಿಡಿಯಿರಿ.

ಬಡಿಗನಿಗೆ ಕೊಡಬಹುದಾದ ಒಂದು ಅಳತೆ ಇಲ್ಲಿದೆ. ಒಳಗಿನ ಅಳತೆ 40, 30, 20 ಸೆಂಟಿಮೀಟರ್. ಗುಣಿಸಿ ಸಾವಿರದಿಂದ ಭಾಗಿಸಿದರೆ 24 ಲೀಟರ್. ವೂಫರಿನ ದೇಹ ಒಂದೂವರೆ, ಎರಡು ಲೀಟರ್ ನುಂಗಿದರೆ ಉಳಿಯುವುದು 22. 18 ಮಿಲಿಮೀಟರ್ ಹಲಗೆಯಲ್ಲಿ ಇದಕ್ಕೆ ಬೇಕಾದ ತುಂಡುಗಳು: ಮುಂದೆ ಹಿಂದೆ 43.6 ಬೈ 33.6ರ ಎರಡು, ಮೇಲೆ ಕೆಳಗೆ 43.6 ಬೈ 20ರ ಎರಡು, ಪಕ್ಕಕ್ಕೆ 30 ಬೈ 20ರ ಎರಡು. ನಾಲ್ಕು ಬೈ ಎರಡು ಅಡಿಯ ಒಂದೇ ತುಂಡಿನಲ್ಲಿ ಆರೂ ಹೊರಡುತ್ತವೆ. ಪೂರ್ತಿ ಹಾಳೆ ಕೊಳ್ಳುವ ಅಗತ್ಯವಿಲ್ಲ. ಬಡಿಗನ ಹತ್ತಿರ ಅಡುಗೆಮನೆ ಕೆಲಸದಲ್ಲಿ ಉಳಿದ ಇಷ್ಟು ತುಂಡು ಸಿಕ್ಕೇ ಸಿಗುತ್ತದೆ.

ಹಲಗೆ ಯಾವುದು ಎಂಬುದಕ್ಕೆ ಊರಿನ ಮೇಲೆ ಉತ್ತರ. ಬಾಗಲಕೋಟೆ, ವಿಜಯಪುರದ ಒಣ ಹವೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಾಕು, ಅದರ ತೂಕವೇ ಅದರ ಗುಣ. ಬೆಳಗಾವಿ, ಅದರಲ್ಲೂ ಖಾನಾಪುರದ ಕಡೆಯ ಮಳೆಗಾಲದಲ್ಲಿ ಒದ್ದೆ ಛತ್ರಿ, ಒದ್ದೆ ಚಪ್ಪಲಿ ಡಿಕ್ಕಿ ಸೇರುತ್ತವೆ. ಎಂಡಿಎಫ್ ಅಂಚು ನೀರು ಕುಡಿದು ಉಬ್ಬಿತೆಂದರೆ ಮತ್ತೆ ಕೂರುವುದಿಲ್ಲ. ಅಲ್ಲಿಯವರು ಐಎಸ್ 710 ಗುರುತಿನ ಮರೈನ್ ಪ್ಲೈ ಹಾಕಿಸಲಿ.

ಎಲ್ಲ ಸಂದಿಗೂ ಫೆವಿಕಾಲ್ ಹಚ್ಚಿ, ಮೊದಲು ಸಣ್ಣ ತೂತು ಕೊರೆದು ಆಮೇಲೆ ಸ್ಕ್ರೂ ಬಿಗಿಯಲು ಹೇಳಿ. ನೇರವಾಗಿ ಸ್ಕ್ರೂ ಹೊಡೆದರೆ ಎಂಡಿಎಫ್ ಅಂಚು ಸೀಳುತ್ತದೆ. ಒಳಸಂದಿಗಳಿಗೆ ಸಿಲಿಕಾನ್ ಎಳೆದು ಒಂದು ದಿನ ಒಣಗಲು ಬಿಡಿ. ಅದರ ಹುಳಿ ವಾಸನೆ ಹೋಗುವ ಮೊದಲು ವೂಫರ್ ಕೂರಿಸಬೇಡಿ. ಗಾದಿ ಮಾಡುವವರ ಹತ್ತಿರ ಸಿಗುವ ಪಾಲಿಯೆಸ್ಟರ್ ನಾರನ್ನು ಒಂದೆರಡು ಹಿಡಿ ಸಡಿಲವಾಗಿ ತುಂಬಿದರೆ ಬಾಕ್ಸು ಸ್ವಲ್ಪ ದೊಡ್ಡದಿದ್ದಂತೆ ನಡೆದುಕೊಳ್ಳುತ್ತದೆ. ಗಾಳಿ ಸೋರುತ್ತದೆಯೇ ಎಂದು ನೋಡಲು ವೂಫರ್ ಕೂರಿಸಿದ ಮೇಲೆ ಕೋನನ್ನು ಮೆಲ್ಲಗೆ ಒತ್ತಿ ಬಿಡಿ. ನಿಧಾನವಾಗಿ ಮೇಲೆ ಬಂದರೆ ಬಾಕ್ಸು ಗಟ್ಟಿ, ಥಟ್ಟನೆ ಚಿಮ್ಮಿದರೆ ಎಲ್ಲೋ ಸಂದಿ ಇದೆ.

ವೈರು

ಪಂಪ್‌ಸೆಟ್ಟಿಗೆ ತೆಳು ಕೇಬಲ್ ಹಾಕಿದರೆ ಮೋಟಾರು ಸುಡುತ್ತದೆ ಎಂದು ನಮ್ಮ ರೈತರಿಗೆ ಯಾರೂ ಕಲಿಸಬೇಕಿಲ್ಲ. ಕಾರಿನ ಲೆಕ್ಕವೂ ಅದೇ, ವೋಲ್ಟು ಕಡಿಮೆ ಇರುವುದರಿಂದ ಇನ್ನೂ ಬಿಗಿ. 200 ವ್ಯಾಟಿನ ಕ್ಲಾಸ್ ಡಿ ಆಂಪ್ ಪೂರ್ತಿ ದುಡಿದಾಗ ಸುಮಾರು 18 ಆಂಪಿಯರ್ ಎಳೆಯುತ್ತದೆ. ಬಾನೆಟ್ಟಿನಿಂದ ಡಿಕ್ಕಿಯವರೆಗೆ ಐದು ಮೀಟರ್ ವೈರು ಬೇಕು. ಇದಕ್ಕೆ 8 ಗೇಜಿನ ಶುದ್ಧ ತಾಮ್ರದ ವೈರು ಸಾಕು. ನಮ್ಮ ಎಲೆಕ್ಟ್ರಿಕ್ ಅಂಗಡಿಯ ಲೆಕ್ಕದಲ್ಲಿ ಅದು 8.4 ಸ್ಕ್ವೇರ್ ಎಂಎಂ, ಹತ್ತಿರದ್ದು 10 ಸ್ಕ್ವೇರ್ ಎಂಎಂ. ಕಾರ್ ಆಡಿಯೋ ಎಂಬ ಹೆಸರಿಲ್ಲದಿದ್ದರೂ ಹೆಸರಾಂತ ಕಂಪನಿಯ 10 ಸ್ಕ್ವೇರಿನ ಬಳುಕುವ ತಾಮ್ರದ ಕೇಬಲ್ ಅಗ್ಗದ ಕಿಟ್ಟಿಗಿಂತ ಎಷ್ಟೋ ಮೇಲು.

ಅಗ್ಗದ ಕಿಟ್ಟುಗಳಲ್ಲಿ ಬರುವುದು ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಅದೇ ದಪ್ಪಕ್ಕೆ ಅದರ ಪ್ರತಿರೋಧ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು. ಗುರುತಿಸುವುದು ಸುಲಭ: ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಿ ಬಣ್ಣ ಕಂಡರೆ ಅಲ್ಯೂಮಿನಿಯಂ. ಕೈಯಲ್ಲಿ ಹಿಡಿದರೂ ಹಗುರ. ಅದನ್ನೇ ಹಾಕಬೇಕಾಗಿ ಬಂದರೆ ಒಂದು ಸೈಜ್ ದಪ್ಪ ತೆಗೆದುಕೊಳ್ಳಿ. ವೈರಿನ ಮೇಲಿನ ಪ್ಲಾಸ್ಟಿಕ್ಕಿನ ದಪ್ಪ ನೋಡಿ ಮೋಸ ಹೋಗಬೇಡಿ.

ಫ್ಯೂಸ್ ಇರುವುದು ವೈರನ್ನು ಕಾಯಲು. ಹಾಗಾಗಿ ಅದು ಬ್ಯಾಟರಿಯ ಪಾಸಿಟಿವ್‌ನಿಂದ 45 ಸೆಂಟಿಮೀಟರ್ ಒಳಗೇ ಇರಬೇಕು. ಈ ಆಂಪಿಗೆ 30 ಆಂಪಿಯರ್ ಸಾಕು. ಮೇಲಿಂದ ಮೇಲೆ ಹೋಗುತ್ತದೆಂದು 80ರದ್ದು ತುರುಕಿದರೆ ಮುಂದಿನ ಸಲ ಉರಿಯುವುದು ವೈರು.

ಹಾಕುವ ದಿನ

ಮಿಸ್ತ್ರಿಯ ಕೈಯಲ್ಲಿ ಮಾಡಿಸಿದರೂ ಈ ಕ್ರಮ ನಿಮ್ಮ ತಲೆಯಲ್ಲಿರಲಿ, ಪಕ್ಕದಲ್ಲಿ ನಿಂತಿರಿ. ಬೇಸಿಗೆಯಾದರೆ ಬೆಳಿಗ್ಗೆ ಶುರು ಮಾಡಿ. ಮಧ್ಯಾಹ್ನ ಹನ್ನೆರಡರ ಮೇಲೆ ಬಾಗಲಕೋಟೆಯ ಬಿಸಿಲಿನಲ್ಲಿ ಗಾಡಿಯೊಳಗೆ ತಲೆ ಹಾಕಿ ಕೂರಲು ಯಾರಿಂದಲೂ ಆಗದು.

1. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಕೆಲಸ ಮುಗಿಯುವವರೆಗೆ ಅದು ಬಿಚ್ಚಿಯೇ ಇರಲಿ.

2. ಬಾನೆಟ್ಟಿನಿಂದ ಒಳಕ್ಕೆ ವೈರು ತರಲು ಹೊಸ ತೂತು ಕೊರೆಯಬೇಡಿ. ಕಂಪನಿಯ ವೈರಿಂಗ್ ಹೋಗುವ ರಬ್ಬರ್ ಬುಷ್ ಇರುತ್ತದೆ, ಅದರಲ್ಲಿ ಸಣ್ಣ ಸೀಳು ಮಾಡಿ ಗಟ್ಟಿ ತಂತಿಯ ತುದಿಗೆ ವೈರು ಕಟ್ಟಿ ಎಳೆದುಕೊಳ್ಳಿ. ಆಮೇಲೆ ಸಿಲಿಕಾನ್ ಹಚ್ಚಿ ಮುಚ್ಚಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಕಾಲಡಿ ನೀರು. ಬಾನೆಟ್ಟಿನೊಳಗಿನ ಭಾಗಕ್ಕೆ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಪೈಪು ಹಾಕಿ. ಸೈಲೆನ್ಸರ್ ಪೈಪು, ಸ್ಟೀರಿಂಗ್ ದಂಡ, ಪೆಡಲ್‌ಗಳಿಂದ ದೂರ ಇರಲಿ.

3. ಪವರ್ ವೈರು ಒಂದು ಪಕ್ಕದ ಬಾಗಿಲ ಹೊಸ್ತಿಲ ಕೆಳಗೆ, ಸಿಗ್ನಲ್ ವೈರು ಇನ್ನೊಂದು ಪಕ್ಕ. ಎರಡನ್ನೂ ಒಟ್ಟಿಗೆ ಎಳೆದರೆ ಎಂಜಿನ್ ಏರಿದ ಹಾಗೆ ಸ್ಪೀಕರಿನಲ್ಲಿ ಕುಂಯ್ ಎನ್ನುವ ಸದ್ದು ಬರುತ್ತದೆ. ಹೊಸ್ತಿಲಿನ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಕೂತಿರುತ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಕೈಯಿಂದ ಮೇಲಕ್ಕೆ ಎಳೆಯಿರಿ. ಹಳದಿ ತೋಳಿನ ವೈರು ಕಂಡರೆ ಅದನ್ನು ಬಿಟ್ಟು ದಾರಿ ಮಾಡಿಕೊಳ್ಳಿ.

4. ಅರ್ಥಿಂಗ್. ಅರ್ಧದಷ್ಟು ತೊಂದರೆಗಳ ಬೇರು ಇಲ್ಲೇ ಇರುವುದರಿಂದ ಇಲ್ಲಿ ಅವಸರ ಮಾಡಬೇಡಿ. ಆಂಪಿನಿಂದ 45 ಸೆಂಟಿಮೀಟರ್ ಒಳಗೆ ಬಾಡಿಯ ದಪ್ಪ ತಗಡಿಗೆ ಬೋಲ್ಟ್ ಆಗಿರುವ ಜಾಗ ಹುಡುಕಿ. ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ರಿಂಗ್ ಟರ್ಮಿನಲ್ ಕ್ರಿಂಪ್ ಮಾಡಿ ಬಿಗಿದು, ಮೇಲೆ ಗ್ರೀಸ್ ಹಚ್ಚಿ, ಬೆಳಗಾವಿಯವರಂತೂ ಮರೆಯದೆ. ವೈರಿನ ದಪ್ಪ ಪಾಸಿಟಿವ್‌ನಷ್ಟೇ ಇರಲಿ. ಸೀಟ್‌ಬೆಲ್ಟಿನ ಬೋಲ್ಟಿಗೆ ಅರ್ಥಿಂಗ್ ಕೊಡಬಾರದು. ಹೊಸ ಸ್ಕ್ರೂ ಹಾಕಲೇಬೇಕಾದರೆ ಗಾಡಿಯ ಕೆಳಗೆ ಬಗ್ಗಿ ನೋಡಿ: ಹೆಚ್ಚಿನ ಹ್ಯಾಚ್‌ಬ್ಯಾಕುಗಳಲ್ಲಿ ಪೆಟ್ರೋಲ್ ಟ್ಯಾಂಕು ಹಿಂದಿನ ಸೀಟಿನ ಕೆಳಗೇ ಇರುತ್ತದೆ, ಬ್ರೇಕಿನ ಪೈಪೂ ಅತ್ತಲೇ ಹಾಯುತ್ತದೆ. ಡ್ರಿಲ್ ಹಿಡಿದವನಿಗೆ ಇದನ್ನು ಒಂದು ಸಲ ಹೇಳಿಬಿಡಿ.

5. ಸಿಗ್ನಲ್ ಮತ್ತು ರಿಮೋಟ್. ಸ್ಟೀರಿಯೋಗೆ ಆರ್‌ಸಿಎ ಇದ್ದರೆ ಆಂಪನ್ನು ಚಾಲೂ ಮಾಡುವ ನೀಲಿ ಅಥವಾ ನೀಲಿ-ಬಿಳಿ ರಿಮೋಟ್ ವೈರೂ ಇರುತ್ತದೆ; ಎರಡನ್ನೂ ಆಂಪಿಗೆ ತನ್ನಿ. ಹೈ ಲೆವೆಲ್ ಆದರೆ ಹಿಂದಿನ ಎರಡು ಸ್ಪೀಕರಿನ ವೈರುಗಳಿಂದ ತೆಗೆಯಿರಿ, ಪ್ಲಸ್ ಮೈನಸ್ ಅದಲುಬದಲಾಗದಿರಲಿ. ಸ್ಪೀಕರಿನ ಮೈನಸ್ ವೈರು ಬಾಡಿಯ ಅರ್ಥ್ ಅಲ್ಲ, ಅದನ್ನು ತಗಡಿಗೆ ತಾಗಿಸಿದರೆ ಸ್ಟೀರಿಯೋ ಹೋಗುತ್ತದೆ. ಬಹಳಷ್ಟು ಆಂಪುಗಳು ಸಿಗ್ನಲ್ ಬಂದದ್ದನ್ನು ನೋಡಿ ತಾವೇ ಚಾಲೂ ಆಗುತ್ತವೆ. ಆಗದಿದ್ದರೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಫ್ಯೂಸಿನಿಂದ ಫ್ಯೂಸ್ ಟ್ಯಾಪ್ ಹಾಕಿ ರಿಮೋಟ್ ಕೊಡಿ. ಸದಾ ಕರೆಂಟಿರುವ ಕಡೆ ಕೊಟ್ಟರೆ ಮೂರನೆಯ ದಿನ ಗಾಡಿ ತಳ್ಳಬೇಕಾಗುತ್ತದೆ.

6. ಆಂಪನ್ನು ಮುಂದಿನ ಸೀಟಿನ ಕೆಳಗೆ ಅಥವಾ ಹಿಂದಿನ ಸೀಟಿನ ಬೆನ್ನಿಗೆ, ಸುತ್ತ ಗಾಳಿಯಾಡುವಂತೆ ಕೂರಿಸಿ. ವೂಫರ್ ಬಾಕ್ಸಿನ ಮೇಲೆ ಬೇಡ, ಅದುರಾಟಕ್ಕೆ ಬೆಸುಗೆ ಬಿಡುತ್ತದೆ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೂ ಬೇಡ. 40 ಡಿಗ್ರಿ ದಾಟುವ ವಿಜಯಪುರದ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿಟ್ಟ ಆಂಪ್ ಹಾಡು ಶುರುವಾಗುವ ಮೊದಲೇ ಕಾದು ಕೂತಿರುತ್ತದೆ.

7. ಬಾಕ್ಸನ್ನು ಕಟ್ಟಿ. ಹದಿನೈದು ಕೆಜಿಯ ಮರದ ಪೆಟ್ಟಿಗೆ ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಸೀಟಿನಲ್ಲಿ ಕೂತವರ ಬೆನ್ನಿಗೆ ಬರುತ್ತದೆ. ಬೆಲ್ಟ್ ಅಥವಾ ಎಲ್ ಆಕಾರದ ಪಟ್ಟಿ, ಎರಡರಲ್ಲೊಂದು ಇರಲೇಬೇಕು.

8. ಎಲ್ಲ ಜೋಡಿಸಿದ ಮೇಲೆ ನೆಗೆಟಿವ್ ಹಚ್ಚಿ, ಕೊನೆಗೆ ಫ್ಯೂಸ್ ಹಾಕಿ. ಬ್ಯಾಟರಿಯ ನೆಗೆಟಿವ್ ಮೇಲೆ ಸೆನ್ಸಾರ್ ಕೂತಿರುವ ಹೊಸ ಗಾಡಿಗಳಲ್ಲಿ ಆಂಪಿನ ಅರ್ಥನ್ನು ಬಾಡಿಗೇ ಕೊಡಬೇಕು, ಬ್ಯಾಟರಿಯ ಕಂಬಕ್ಕೆ ನೇರವಾಗಿ ಅಲ್ಲ.

ಗೇನ್

ಗೇನ್ ನಾಬನ್ನು ಪೂರ್ತಿ ತಿರುಗಿಸಿ, ಬೇಸ್ ಬೂಸ್ಟ್ ಪೂರ್ತಿ ಏರಿಸಿ, "ನೋಡ್ರಿ ಹೆಂಗ್ ಹೊಡಿತೈತಿ" ಎಂದು ತೋರಿಸುವುದು ಅಂಗಡಿಯ ವಾಡಿಕೆ. ಆ ನಾಬಿನ ಕೆಲಸ ಬೇರೆ. ಸ್ಟೀರಿಯೋ ಕಳಿಸುವ ಸಿಗ್ನಲ್ ಎಷ್ಟಿದ್ದಾಗ ಆಂಪ್ ತನ್ನ ಪೂರ್ತಿ ಶಕ್ತಿ ಮುಟ್ಟಬೇಕು ಎಂಬುದನ್ನು ಅದು ಗೊತ್ತುಮಾಡುತ್ತದೆ. ಮಿತಿ ಮೀರಿ ತಿರುಗಿಸಿದರೆ ಅಲೆಯ ತುದಿ ಕತ್ತರಿಸಿಹೋಗಿ ಕಾಯಿಲ್ ಕಾಯುತ್ತದೆ. ವೂಫರ್ ಸುಡುವುದು ಬಹುಪಾಲು ಹೀಗೇ. ಬೇಸ್ ಬೂಸ್ಟನ್ನು 6 ಡೆಸಿಬೆಲ್ ಏರಿಸುವುದೆಂದರೆ ಆ ಸ್ವರಕ್ಕೆ ನಾಲ್ಕು ಪಟ್ಟು ವ್ಯಾಟು ಕೇಳಿದಂತೆ. ಅದು ಸೊನ್ನೆಯಲ್ಲೇ ಇರಲಿ.

ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಮನೆಯ ಕರೆಂಟು 50 ಹರ್ಟ್ಸ್ ಆದ್ದರಿಂದ ಅಗ್ಗದ ಮೀಟರುಗಳೂ ಆ ಅಲೆಯನ್ನು ಸರಿಯಾಗಿ ಅಳೆಯುತ್ತವೆ, ನಮಗೆ ಬೇಕಿರುವುದೂ 50 ಹರ್ಟ್ಸ್ ಟೋನೇ. 0 ಡೆಸಿಬೆಲ್ ಮಟ್ಟದಲ್ಲಿ ರೆಕಾರ್ಡ್ ಆದ 50 ಹರ್ಟ್ಸ್ ಸೈನ್ ಟೋನನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಗಾಡಿ ಬಯಲಿನಲ್ಲಿರಲಿ, ಎಂಜಿನ್ ಚಾಲೂ ಇರಲಿ. ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ, ಹೊಗೆ ಜೀವಕ್ಕೆ ಅಪಾಯ. ಸ್ಟೀರಿಯೋದ ಬೇಸ್, ಟ್ರೆಬಲ್ ಸೊನ್ನೆಗೆ ತಂದು ಲೌಡ್‌ನೆಸ್ ಆಫ್ ಮಾಡಿ. ವಾಲ್ಯೂಮನ್ನು ಗರಿಷ್ಠದ ಮುಕ್ಕಾಲಿಗೆ ಇಡಿ. ಆಂಪಿನಿಂದ ವೂಫರಿನ ವೈರು ಬಿಚ್ಚಿ, ಗೇನ್ ಪೂರ್ತಿ ಕೆಳಗೆ ತನ್ನಿ. ಬಾಗಿಲ ಸ್ಪೀಕರುಗಳಿಗೆ ಈ ಟೋನು ಭಾರವಾಗದಂತೆ ಬೇಗ ಮುಗಿಸಿ.

ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಆಂಪಿನ ಸ್ಪೀಕರ್ ಟರ್ಮಿನಲ್ಲಿಗೆ ಹಚ್ಚಿ, ಗೇನನ್ನು ನಿಧಾನವಾಗಿ ಏರಿಸಿ. ಎಲ್ಲಿ ನಿಲ್ಲಿಸಬೇಕು? ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 4 ಓಮಿಗೆ 150 ವ್ಯಾಟಾದರೆ 24.5 ವೋಲ್ಟ್, 200 ಆದರೆ 28.3, 250 ಆದರೆ 31.6. 2 ಓಮಿಗೆ 200 ವ್ಯಾಟಾದರೆ 20 ವೋಲ್ಟ್. ಆಂಪಿನ ಆರ್‌ಎಂಎಸ್, ವೂಫರಿನ ಆರ್‌ಎಂಎಸ್ ಎರಡರಲ್ಲಿ ಕಡಿಮೆ ಇರುವುದನ್ನೇ ಲೆಕ್ಕಕ್ಕೆ ಹಿಡಿಯಿರಿ. ಆ ಅಂಕಿ ಬಂದಲ್ಲಿ ನಾಬಿಗೆ ಮಾರ್ಕರಿನಿಂದ ಗೀಟು ಹಾಕಿ. ಮುಂದೆ ಯಾರೇ ತಿರುಗಿಸಿದರೂ ಗೀಟಿನಿಂದ ಕೆಳಗೆ ತರಬಹುದು, ಮೇಲೆ ಒಯ್ಯುವಂತಿಲ್ಲ.

ಸೀಟಿನ ಕೆಳಗಿನ ಆಕ್ಟಿವ್ ಸಬ್‌ನಲ್ಲಿ ಹೀಗೆ ಅಳೆಯಲಾಗದು. ಅದೇ ಮುಕ್ಕಾಲು ವಾಲ್ಯೂಮಿನಲ್ಲಿ ಗೊತ್ತಿರುವ ಹಾಡು ಹಾಕಿ, ಗೇನ್ ಏರಿಸುತ್ತಾ ಹೋಗಿ, ಏಟು ಒಡೆದಂತೆ ಕೇಳಿಸಿದ ಕೂಡಲೇ ಸ್ವಲ್ಪ ಹಿಂದೆ ಬನ್ನಿ.

ಕಿವಿಯಿಂದ ಹೊಂದಿಸುವುದು

40 ಹರ್ಟ್ಸ್ ಸ್ವರದ ಒಂದು ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ, ನಾಲ್ಕು ಮೀಟರೊಳಗಿನ ನಮ್ಮ ಕಾರುಗಳ ಎರಡು ಪಟ್ಟು. ಅಷ್ಟು ಉದ್ದದ ಅಲೆ ಎಲ್ಲಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲ. ಆದ್ದರಿಂದಲೇ ಡಿಕ್ಕಿಯಲ್ಲಿ ಕೂತ ವೂಫರ್ ಡ್ಯಾಶ್‌ಬೋರ್ಡಿನ ಮೇಲೆ ಹಾಡಿದಂತೆ ಕೇಳಿಸಬಲ್ಲದು. ಆದರೆ ಇಟ್ಟ ಅಂಕಿಗಿಂತ ಮೇಲಿನ ಸ್ವರ ತಡೆಯುವ ಲೋ ಪಾಸ್ ನಾಬನ್ನು 150 ಹರ್ಟ್ಸ್‌ಗೆ ಇಟ್ಟರೆ ಈ ಮಾಯೆ ಒಡೆಯುತ್ತದೆ, ಗಂಡಸರ ದನಿಯೂ ಹಿಂದಿನಿಂದ ಗೊಣಗುತ್ತದೆ. 80ರಿಂದ ಶುರು ಮಾಡಿ. ಪೋರ್ಟ್ ಇರುವ ಬಾಕ್ಸಾದರೆ ತೀರಾ ತಗ್ಗಿನ ಸ್ವರ ತಡೆಯುವ ಸಬ್‌ಸಾನಿಕ್ ಫಿಲ್ಟರನ್ನು 30ರ ಹತ್ತಿರ ಇಡಿ. ಸ್ಟೀರಿಯೋದಲ್ಲಿ ಹೈ ಪಾಸ್ (ಇಟ್ಟ ಅಂಕಿಗಿಂತ ಕೆಳಗಿನ ಸ್ವರ ತಡೆಯುವುದು) ಇದ್ದರೆ ಬಾಗಿಲ ಸ್ಪೀಕರುಗಳಿಗೆ 80 ಅಥವಾ 100 ಕೊಡಿ. ತಗ್ಗಿನ ಭಾರ ಇಳಿದ ಮೇಲೆ ಕಂಪನಿಯ ಸಾದಾ ಸ್ಪೀಕರುಗಳೂ ಎಷ್ಟು ಸ್ವಚ್ಛವಾಗಿ ಹಾಡುತ್ತವೆ ನೋಡಿ.

ವೂಫರಿನ ಏಟು ಬಾಗಿಲ ಸ್ಪೀಕರಿನ ಏಟಿನೊಂದಿಗೆ ಕೂಡುವಂತೆ ಮಾಡುವ ಫೇಸ್ ಸ್ವಿಚ್ಚಿಗೆ ಒಂದೇ ಪರೀಕ್ಷೆ. ಡ್ರೈವರ್ ಸೀಟಿನಲ್ಲಿ ಕೂತು ಹಾಡು ಕೇಳಿ, ಇನ್ನೊಬ್ಬರು ಅದನ್ನು 0 ಮತ್ತು 180ರ ನಡುವೆ ಬದಲಿಸಲಿ. ಬೇಸ್ ಹೆಚ್ಚು ತುಂಬಿ ಬಂದ ಕಡೆಯೇ ಸರಿ. ಬಾಕ್ಸಿನ ಮುಖವನ್ನೂ ತಿರುಗಿಸಿ ನೋಡಬೇಕು. ಹ್ಯಾಚ್‌ಬ್ಯಾಕಿನಲ್ಲಿ ವೂಫರ್ ಹಿಂದಿನ ಬಾಗಿಲ ಕಡೆ ಮುಖ ಮಾಡಿದಾಗ ಸಾಮಾನ್ಯವಾಗಿ ಹೆಚ್ಚು ತುಂಬು ಬರುತ್ತದೆ. ಸೆಡಾನಿನಲ್ಲಿ ಡಿಕ್ಕಿಗೂ ಕ್ಯಾಬಿನ್ನಿಗೂ ನಡುವೆ ತಡೆ ಇರುವುದರಿಂದ ಎರಡು ಮೂರು ರೀತಿ ಇಟ್ಟು ಕೇಳದೆ ಹೇಳಲಾಗದು.

ಯಾವ ಹಾಡಿನಿಂದ ಪರೀಕ್ಷಿಸಬೇಕು? ಡಿಜೆ ಹಾಡಿನಿಂದ ಏನೂ ತಿಳಿಯುವುದಿಲ್ಲ, ಅದು ಎಲ್ಲದರಲ್ಲೂ ಹೊಡೆಯುತ್ತದೆ. ತಬಲಾ ಇರುವ ಹಿಂದೂಸ್ತಾನಿ ಗಾಯನ ಹಾಕಿ. ಡಗ್ಗಾದ ಮೇಲೆ ಅಂಗೈ ಜಾರಿದಾಗ ಬರುವ ಗುಂಯ್ ದನಿ ಮುಂದಿನಿಂದಲೇ ಬಂದು, ಜಾರುವಾಗ ನಡುವೆ ಎಲ್ಲೂ ಉಬ್ಬದೆ ತಗ್ಗದೆ ಹೋದರೆ ಕ್ರಾಸ್‌ಓವರ್, ಅಂದರೆ ವೂಫರಿಗೂ ಬಾಗಿಲ ಸ್ಪೀಕರಿಗೂ ಸ್ವರ ಹಂಚುವ ಗಡಿ, ಹೊಂದಿದೆ. ಆಮೇಲೆ ಡೊಳ್ಳು, ಹಲಗಿ ಎರಡೂ ಇರುವ ರೆಕಾರ್ಡಿಂಗ್. ಡೊಳ್ಳು ಎದೆಗೆ ತಾಗಬೇಕು, ಹಲಗಿ ಚುರುಕಾಗಿ ಬಾಗಿಲ ಸ್ಪೀಕರಿನಿಂದಲೇ ಬರಬೇಕು. ಹಲಗಿಯೂ ಡಿಕ್ಕಿಯಿಂದ ಬಂದರೆ ಲೋ ಪಾಸ್ ಇನ್ನೂ ಇಳಿಸಿ.

ಗಾಜು ಇಳಿಸಿಕೊಂಡು ಓಣಿಯಲ್ಲಿ ಪರೀಕ್ಷೆ ಮಾಡುವವರಿಗೆ ಒಂದು ಮಾತು. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ತಗ್ಗಿನ ಸ್ವರ ಗೋಡೆ ದಾಟಿ ಪಕ್ಕದ ಮನೆಯ ಮಲಗುವ ಕೋಣೆಗೆ ಹೋಗುವಷ್ಟು ಸುಲಭವಾಗಿ ಬೇರಾವ ಸದ್ದೂ ಹೋಗುವುದಿಲ್ಲ.

ಆಮೇಲಿನ ಕಿರಿಕಿರಿ

ಜರಜರ ಸದ್ದು ಬಹುತೇಕ ಹಿಂದಿನ ನಂಬರ್ ಪ್ಲೇಟಿನದು. ಅದರ ಬೆನ್ನಿಗೆ ಫೋಮ್ ಟೇಪು ಹಚ್ಚಿ, ಡಿಕ್ಕಿ ಬಾಗಿಲಿನ ಒಳತಗಡಿಗೆ ಡ್ಯಾಂಪಿಂಗ್ ಶೀಟು ಅಂಟಿಸಿ. ಶೀಟು ಬ್ಯುಟೈಲ್ ರಬ್ಬರಿನದ್ದೇ ಇರಲಿ. ಡಾಂಬರಿನದು ಅಗ್ಗ, ಆದರೆ ನಮ್ಮ ಬೇಸಿಗೆಗೆ ಮೆತ್ತಗಾಗಿ ಜಾರುತ್ತದೆ, ಗಾಡಿ ತುಂಬ ರಸ್ತೆ ಹಾಕುವ ವಾಸನೆ.

ಎಂಜಿನ್ ಜೊತೆ ಏರುವ ಕುಂಯ್ ಸದ್ದಿಗೆ ಮೊದಲು ಅರ್ಥಿಂಗ್ ಬಿಚ್ಚಿ ಮತ್ತೆ ಕೆರೆದು ಬಿಗಿಯಿರಿ, ಆಮೇಲೆ ಸಿಗ್ನಲ್ ವೈರಿನ ದಾರಿ ನೋಡಿ. ಏಟಿಗೊಮ್ಮೆ ಹೆಡ್‌ಲೈಟ್ ಮಂಕಾದರೆ ಬ್ಯಾಟರಿ ಟರ್ಮಿನಲ್ ಸಡಿಲವಿದೆಯೇ, ವೈರು ತೆಳುವೇ ಎಂದು ನೋಡಿ. ಅಂಗಡಿಯವರು ಮಾರಲು ನೋಡುವ ದೊಡ್ಡ ಕ್ಯಾಪಾಸಿಟರ್ ಸೋತ ಬ್ಯಾಟರಿಯನ್ನು ಎಬ್ಬಿಸಲಾರದು. ಮಧ್ಯಾಹ್ನ ಮಾತ್ರ ಬೇಸ್ ನಿಂತುಹೋಗಿ ಸಂಜೆ ಮರಳಿದರೆ ಆಂಪ್ ಕಾದು ತಾನೇ ಆಫ್ ಆಗುತ್ತಿದೆ, ಜಾಗ ಬದಲಿಸಿ. ಚಾಲೂ ಮಾಡಿದ ಕೂಡಲೇ ಕೆಂಪು ದೀಪ ಹತ್ತಿದರೆ ವೂಫರಿನ ವೈರು ಎಲ್ಲೋ ತಗಡಿಗೆ ತಾಗಿದೆ ಅಥವಾ ಓಮ್ ಲೆಕ್ಕ ತಪ್ಪಿದೆ. ವಾಲ್ಯೂಮ್ ಏರಿಸಿದಷ್ಟೂ ಬೇಸ್ ತೆಳುವಾಗುತ್ತಿದ್ದರೆ ಅದು ಆಂಪಿನ ದೋಷವಾಗಿರಬೇಕಿಲ್ಲ. ಕಂಪನಿಯ ಕೆಲವು ಸ್ಟೀರಿಯೋಗಳು ಸಣ್ಣ ಸ್ಪೀಕರುಗಳನ್ನು ಉಳಿಸಲು ತಾವೇ ಬೇಸ್ ಕತ್ತರಿಸುತ್ತವೆ. ಅಂಥದ್ದರಲ್ಲಿ ಸ್ಟೀರಿಯೋ ವಾಲ್ಯೂಮನ್ನು ಅರ್ಧದಲ್ಲೇ ನಿಲ್ಲಿಸಿ, ಆ ಮಟ್ಟಕ್ಕೆ ಗೇನನ್ನು ಮತ್ತೆ ಮೀಟರ್ ಹಚ್ಚಿ ಹೊಂದಿಸಬೇಕು.

ಹಾಕಿದ ಹದಿನೈದು ದಿನಕ್ಕೆ ಬ್ಯಾಟರಿ ಟರ್ಮಿನಲ್, ಅರ್ಥಿಂಗ್ ಬೋಲ್ಟ್, ವೂಫರಿನ ಎಂಟು ಸ್ಕ್ರೂ ಇವನ್ನು ಮತ್ತೊಮ್ಮೆ ಬಿಗಿಯಿರಿ; ನಮ್ಮ ರಸ್ತೆಯ ಗುಂಡಿಗಳಿಗೆ ಒಂದೆರಡಾದರೂ ಸಡಿಲಾಗಿರುತ್ತವೆ. ಅರ್ಧ ತಾಸು ಜೋರಾಗಿ ಹಾಡು ಹಾಕಿ ನಿಲ್ಲಿಸಿದ ಮೇಲೆ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಡೆಯುತ್ತದೆ. ಕೈ ಇಡಲಾಗದಷ್ಟು ಕಾದಿದ್ದರೆ ಕ್ರಿಂಪ್ ಸರಿಯಾಗಿಲ್ಲ, ಆ ತುದಿ ಕತ್ತರಿಸಿ ಹೊಸದಾಗಿ ಮಾಡಿ.